ತಿಂಗಳಿಗೊಮ್ಮೆ ಒಂದು ಕೊಠಡಿ ತೆರೆದುಕೊಡಿ

ಮಾನ್ಯ ಸಂಪಾದಕರೇ,

ಪಿಎಚ್.ಡಿ.ಗೆ ಹೊಸದಾಗಿ ನೋಂದಾಯಿಸಿಕೊಂಡವರ ಪರವಾಗಿ ನಮ್ಮ ವಿಶ್ವವಿದ್ಯಾಲಯಗಳ ಮುಂದೆ ಒಂದು ಬೇಡಿಕೆ ಇಡಲು, ಅಂದರೆ ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ಹೇಳಿಕೊಳ್ಳಲು ತಿಂಗಳಿಗೊಮ್ಮೆ ಒಂದು ಕೊಠಡಿ ಕೇಳಲು, ಈ ಪತ್ರ ಬರೆಯುತ್ತಿದ್ದೇನೆ. ನಾನು ಶಿಕಾರಿಪುರ ತಾಲ್ಲೂಕಿನವಳು. ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡುತ್ತಾ, ನಮ್ಮ ಸೀಮೆಯ ಕೆರೆಗಳಿಗೆ ಸಂಬಂಧಿಸಿದ ಶಾಸನಗಳ ಮೇಲೆ ಅರೆಕಾಲಿಕ ಸಂಶೋಧನೆ ಮಾಡುತ್ತಿದ್ದೇನೆ. ನಮ್ಮಂಥವರು ವಿಶ್ವವಿದ್ಯಾಲಯದ ಮುಖ ನೋಡುವುದು ಶುಲ್ಕ ಕಟ್ಟುವ ದಿನ, ಪ್ರಗತಿ ವರದಿ ಒಪ್ಪಿಸುವ ದಿನ. ಉಳಿದ ದಿನಗಳಲ್ಲಿ, ಬರೆದದ್ದು ನೆಟ್ಟಗಿದೆಯೇ ಎಂದು ಕೇಳೋಣವೆಂದರೆ ಅಕ್ಕಪಕ್ಕದಲ್ಲಿ ಒಬ್ಬರೂ ಇರುವುದಿಲ್ಲ.

ಮಾರ್ಗದರ್ಶಕರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ, ಅವರ ಮೇಲೆ ಗೌರವವೂ ಇದೆ. ಆದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಒಮ್ಮೆಗೆ 8 ಮಂದಿಯವರೆಗೆ ಇರಬಹುದು. ಪಾಠ, ಪರೀಕ್ಷೆ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಕಡತಗಳ ನಡುವೆ ಅವರು ಯಾರ ಅಧ್ಯಾಯವನ್ನೆಂದು ಸಾಲು ಸಾಲು ಓದಿಯಾರು? ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ನಿಲ್ಲುತ್ತೇವೆ ನಿಜ. ಅಲ್ಲಿ ಕೂತವರೆಲ್ಲ ನಮ್ಮ ವರದಿಗೆ ಸಹಿ ಹಾಕಬೇಕಾದವರು. ಅವರೆದುರು ‘ಈ ಶಾಸನದ ಮೂರನೇ ಸಾಲು ನನಗೆ ಅರ್ಥವೇ ಆಗಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ.

ನಾವು ಕೆಲವರು ಎರಡನೇ ಶನಿವಾರ ಕಾಲೇಜಿನ ಒಂದು ಕೊಠಡಿಯಲ್ಲಿ ಸೇರುತ್ತೇವೆ. ಕನ್ನಡ, ಪ್ರಾಣಿಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ ಎಂದು ಬೇರೆ ಬೇರೆ ವಿಷಯದವರು. ಸೊರಬ, ಸಾಗರ, ಹೊನ್ನಾಳಿ ಕಡೆಯಿಂದ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚಿನ ಚಿಂತೆ ನಮಗೆ ತಪ್ಪಿದೆ. ಗೌರವಧನ ಯಾವಾಗ ಕೈಗೆ ಬರುತ್ತದೋ ಗೊತ್ತಿಲ್ಲದ ಅತಿಥಿ ಉಪನ್ಯಾಸಕಿಯರಿಗೆ ಇದು ಸಣ್ಣ ವಿಷಯವಲ್ಲ. ಪ್ರತಿ ಸಲ ಒಬ್ಬರು ತಾವು ಬರೆದ ಹತ್ತು ಪುಟ ತರಬೇಕು. ಉಳಿದವರು ಮೊದಲು ತಮಗೆ ತಿಳಿದದ್ದೇನು ಎಂದು ಹೇಳಬೇಕು, ಆಮೇಲೆ ತಿಳಿಯದ್ದನ್ನು ಕೇಳಬೇಕು. ಅಲ್ಲಿ ಆಡಿದ ಮಾತು ಯಾವ ವಿಭಾಗಕ್ಕೂ, ಯಾವ ಮಾರ್ಗದರ್ಶಕರ ಕಿವಿಗೂ ಹೋಗಕೂಡದು. ಈ ಕೊನೆಯ ಕಟ್ಟುಪಾಡು ಇಲ್ಲದಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಇದರಿಂದ ಏನಾಗುತ್ತದೆ ಎಂಬುದಕ್ಕೆ ನನ್ನದೇ ಕೆಲಸ ಹೇಳುತ್ತೇನೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7ನೇ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಶಾಸನಗಳಿವೆ. ಅವುಗಳಲ್ಲಿ ಕೆರೆ ಕಟ್ಟಿಸಿದವರು, ದಾನ ಕೊಟ್ಟವರು, ಹಳೆಯ ಅಳತೆಯಲ್ಲಿ ಇಷ್ಟು ಮತ್ತರು ಇಷ್ಟು ಕಮ್ಮ ಭೂಮಿ ಎಂದು ಪಟ್ಟಿ ಮಾಡಿ ಒಂದು ಅಧ್ಯಾಯ ಮುಗಿಸಿದ್ದೆ. ಅಡಿಕೆ ಬೆಳೆಗಾರರ ಸಹಕಾರ ಸಂಘಗಳ ಮೇಲೆ ಕೆಲಸ ಮಾಡುತ್ತಿರುವ ಅರ್ಥಶಾಸ್ತ್ರದ ಹುಡುಗ ಅದನ್ನು ಓದಿ, ‘ಅಕ್ಕಾ, ಕಟ್ಟಿಸಿದವರ ಹೆಸರೆಲ್ಲ ಬಂತು. ವರ್ಷಾ ವರ್ಷ ಹೂಳು ತೆಗೆದವರು ಯಾರು? ಅವರ ಕೂಲಿ ಎಲ್ಲಿಂದ ಬರ್ತಿತ್ತು?’ ಎಂದ. ಕೆರೆಯ ದುರಸ್ತಿಗೆಂದೇ ಬಿಡುತ್ತಿದ್ದ ಕಟ್ಟುಕೊಡಗೆ ಭೂಮಿಗಳನ್ನು ನಾನು ಬರೀ ಧರ್ಮಕಾರ್ಯದ ಲೆಕ್ಕದಲ್ಲಿ ಸೇರಿಸಿದ್ದೆ. ಆ ಪ್ರಶ್ನೆ ಹಿಡಿದು ಮತ್ತೆ ಶಾಸನಗಳಿಗೆ ಹೋದಾಗ, ಒಂದು ಊರು ತನ್ನ ಕೆರೆಯನ್ನು ತಲೆಮಾರುಗಳವರೆಗೆ ಕಾಪಾಡಿಕೊಳ್ಳಲು ಮಾಡಿಕೊಂಡ ಏರ್ಪಾಡು ಕಣ್ಣಿಗೆ ಬಿತ್ತು. ನನ್ನ ಮಹಾಪ್ರಬಂಧ ಈಗ ನಿಂತಿರುವುದೇ ಅದರ ಮೇಲೆ. ಹಳಗನ್ನಡದ ತೊಡಕಿನ ಸಾಲುಗಳನ್ನು ಬಿಡಿಸಿಕೊಟ್ಟವಳು ಕನ್ನಡ ವಿಭಾಗದ ಗೆಳತಿ. ಅವಳ ಇಂಗ್ಲಿಷ್ ಸಾರಾಂಶವನ್ನು ನಾನು ತಿದ್ದಿಕೊಟ್ಟೆ.

ಹೊಸಬರಿಗೆ ಬೇಕಾದದ್ದು ವಿದ್ವತ್ತಿನ ನೆರವಷ್ಟೇ ಅಲ್ಲ. ನಮ್ಮ ಗುಂಪಿನ ತಾಯಿಯೊಬ್ಬರು ಕೂಸು ಹುಟ್ಟಿದ ಮೇಲೆ ನೋಂದಣಿ ಬಿಟ್ಟುಬಿಡುವ ಯೋಚನೆಯಲ್ಲಿದ್ದರು. ಅದೇ 2022ರ ನಿಯಮದಲ್ಲಿ ಮಹಿಳೆಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಗೆ ಅವಕಾಶವಿದೆ, ಪಿಎಚ್.ಡಿ. ಮುಗಿಸುವ ಅವಧಿಯಲ್ಲೂ 2 ವರ್ಷ ಹೆಚ್ಚುವರಿ ಸಡಿಲಿಕೆ ಪಡೆಯಬಹುದು ಎಂಬುದನ್ನು ಅವರಿಗೆ ತಿಳಿಸಿದ್ದು ಕಚೇರಿಯವರಲ್ಲ, ಗೆಳತಿಯರು. ಅವರು ಈಗ ಮೂರನೇ ಅಧ್ಯಾಯ ಬರೆಯುತ್ತಿದ್ದಾರೆ. ಇದನ್ನು ಬರೆಯುವಾಗಲೂ ನನಗೆ ಸಂತೋಷವಾಗುತ್ತಿದೆ.

ಲೇಖನ ಪ್ರಕಟಿಸಬೇಕಾದ ಸಂಶೋಧನಾ ಪತ್ರಿಕೆಗಳ ಕಾಟ ಇನ್ನೊಂದು. ಯುಜಿಸಿ 2025ರ ಫೆಬ್ರುವರಿಯಲ್ಲಿ ತಾನು ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿಯನ್ನು ಕೈಬಿಟ್ಟಿತು. ಯಾವ ಪತ್ರಿಕೆ ಅಸಲಿ, ಯಾವುದು ಹಣ ಕಿತ್ತು ವಾರದೊಳಗೆ ಅಚ್ಚು ಹಾಕುವಂಥದ್ದು ಎಂದು ಹಳ್ಳಿಯಿಂದ ಬಂದ, ಮನೆಯಲ್ಲಿ ಮೊದಲು ಪದವಿ ಪಡೆದ ಹುಡುಗ ಹೇಗೆ ತಿಳಿದಾನು? ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಅವರ ವಿಶ್ವವಿದ್ಯಾಲಯದ ಪುಟದಲ್ಲಿ ಆ ಪತ್ರಿಕೆಯ ಪ್ರಸ್ತಾಪವಿದೆಯೇ, ಹಿಂದಿನ ಸಂಚಿಕೆಗಳು ಹೇಗಿವೆ ಎಂದು ಜೊತೆ ಕೂತು ತೋರಿಸಿಕೊಡಲು ಒಬ್ಬ ಹಿರಿಯ ಸಂಶೋಧನಾರ್ಥಿ ಸಾಕು.

ಇಂಥ ಬಳಗ ತಾನಾಗಿ ಬೆಳೆಯುವುದಿಲ್ಲ. ಜೆಆರ್‌ಎಫ್ ಎಂಬ ಸಂಶೋಧನಾ ಶಿಷ್ಯವೇತನ ಪಡೆದವರಿಗೆ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಪಕ್ಕದ ಮೇಜಿನವನಿಗೆ ಏನೂ ಇಲ್ಲ. ನಾಳೆ ಇಬ್ಬರೂ ಒಂದೇ ಹುದ್ದೆಗೆ ಅರ್ಜಿ ಹಾಕುವವರು. ಅಧಿಸೂಚನೆ ಬಂದದ್ದನ್ನು ಮುಚ್ಚಿಟ್ಟುಕೊಳ್ಳುವ ಅಭ್ಯಾಸ ಬೇರೂರುವುದು ಇಲ್ಲಿಂದಲೇ. ಕಷ್ಟಪಟ್ಟಾದರೂ ಇದನ್ನು ಮುರಿಯಬೇಕು. ಯಾವ ಪ್ರಕಟಣೆ ಕಂಡರೂ ಅದೇ ದಿನ ಎಲ್ಲರಿಗೂ ತಿಳಿಸುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ.

ವಿಶ್ವವಿದ್ಯಾಲಯಗಳಿಂದ ನಾವು ಕೇಳುವುದು ದೊಡ್ಡ ಅನುದಾನವಲ್ಲ. ರಜೆಯ ಶನಿವಾರ ಗ್ರಂಥಾಲಯದ ಒಂದು ಕೊಠಡಿ ತೆರೆದುಕೊಡಿ. ದೂರದಿಂದ ಬರುವ ಅರೆಕಾಲಿಕರಿಗೆ ರಾತ್ರಿ ಉಳಿಯಲು ವಿದ್ಯಾರ್ಥಿನಿಲಯದಲ್ಲಿ ಜಾಗ ಕೊಡಿ. ಬೋಧಕರು ಆ ಸಭೆಗೆ ಬಾರದಿರಲಿ, ಹಾಜರಾತಿ, ವರದಿ ಏನೂ ಕೇಳದಿರಲಿ. ಹೊಸಬರ ಮೊದಲ ವಾರದಲ್ಲೇ ಹಿರಿಯ ಸಂಶೋಧನಾರ್ಥಿಗಳ ಪರಿಚಯ ಮಾಡಿಸಿ. ಹೊಸಬರು ಮೊದಲಿಗೆ ಮುಗಿಸಬೇಕಾದ ತರಗತಿಗಳ, ಅಂದರೆ ಕೋರ್ಸ್‌ವರ್ಕ್‌ನ, ಈ ಸಾಲಿನ ವೇಳಾಪಟ್ಟಿ ಅಂತಿಮವಾಗುವ ಮೊದಲೇ ಕುಲಪತಿಗಳು ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇನೆ.

– ಸಂಶೋಧನಾ ವಿದ್ಯಾರ್ಥಿನಿ, ಶಿಕಾರಿಪುರ