ಸುಧಾರಕ ಅನ್ನೋ ಮಾತು ಯಾರ ಬಾಯಲ್ಲಿ ಬರಬೇಕು

ಏನಮ್ಮಾ, ಚೆನ್ನಾಗಿದೀಯಾ?

ನಿನ್ನ ಕತೆ ಓದಿದೆ. ಲಾಲ್‌ಬಾಗ್ ಬೆಂಚಿಂದ ಹುಡುಗ ಹುಡುಗೀನ ಎಬ್ಬಿಸಿ ಬುದ್ಧಿ ಹೇಳೋ ಅಂಕಲ್ ಸಖತ್ತಾಗಿ ಬಂದಿದಾರೆ, ಆದ್ರೆ ಎರಡನೇ ಸಾಲಲ್ಲೇ ನೀನೇ ಅವರಿಗೆ ‘ಸಮಾಜ ಸುಧಾರಕ’ ಅಂತ ಬೋರ್ಡ್ ತಗಲಾಕ್ಬಿಟ್ಟಿದೀಯಲ್ಲ, ಅದು ಬೇಡಿತ್ತು.

1897ರಲ್ಲಿ ಮಂಗಳೂರಲ್ಲಿ ದಲಿತರಿಗೋಸ್ಕರ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಸ್ವಂತ ಜಾತಿಯೋರ ಕೈಲೇ ಬಹಿಷ್ಕಾರ ಹಾಕಿಸ್ಕೊಂಡ ಕುದ್ಮುಲ್ ರಂಗರಾಯರ ಹೆಸರಿನ ಜೊತೆ ಈ ಮಾತು ಬಂದ್ರೆ ಯಾರೂ ನಗಲ್ಲ. ಅದನ್ನೇ ಮನೇಲಿ ‘ಬಂದ್ನಪ್ಪ ದೊಡ್ಡ ಸುಧಾರಕ’ ಅಂದ್ರೆ ಬೈಗುಳಾನೇ. ಇನ್ನೊಂದಿದೆಯಲ್ಲ, ‘ಲೋಕದ ಡೊಂಕು ತಿದ್ದೋಕೆ ಹೊರಟಿದಾನೆ’, ಅದು ಬಸವಣ್ಣೋರ ವಚನದಿಂದ ಇಳಿದು ಬಂದಿದ್ದು, ಮೊದಲು ನಿಮ್ಮ ನಿಮ್ಮ ಮೈಮನಸ್ಸು ಸಂತೈಸ್ಕೊಳ್ಳಿ ಅಂದೋರು ಅವರು. ಮಜಾ ಏನಂದ್ರೆ ಅವರನ್ನೇ ನಾವು ಸ್ಕೂಲಲ್ಲಿ ಸಮಾಜ ಸುಧಾರಕರು ಅಂತ ಉರು ಹೊಡೆದಿದೀವಿ! (ಸರ್ಕಲ್‌ನಲ್ಲಿ ಗಾಗಲ್ಸ್ ಹಾಕ್ಕೊಂಡು ಬರ್ತ್‌ಡೇ ಫ್ಲೆಕ್ಸಲ್ಲಿ ಕೈ ಮುಗಿಯೋ ‘ಸಮಾಜ ಸೇವಕರು’ ಬೇರೆ ಜಾತಿ, ಅವರಿಗೆ ಬೇಕಿರೋದು ಟಿಕೆಟ್ಟು.)

ಒಬ್ಬನೇ ಮನುಷ್ಯ ಒಬ್ಬರಿಗೆ ನಿಜವಾದ ಸುಧಾರಕ, ಇನ್ನೊಬ್ಬರಿಗೆ ಬೈಗುಳದ ‘ಸುಧಾರಕ’, ಎರಡೂ ಆಗಿರ್ತಾನೆ ನೋಡು, ನನಗೆ ಇಂಟರೆಸ್ಟಿಂಗ್ ಅನ್ಸೋದು ಅದೇ. ಆಂಧ್ರದ ಕಂದುಕೂರಿ ವೀರೇಶಲಿಂಗಂ 1881ರಲ್ಲೇ ರಾಜಮಂಡ್ರಿಲಿ ವಿಧವೆಗೆ ಮದುವೆ ಮಾಡ್ಸಿದೋರು, ಸಣ್ಣ ಧೈರ್ಯ ಅಲ್ಲ. ಅದೇ ಪುಣ್ಯಾತ್ಮ ಹಳೇ ತೆಲುಗು ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯ ಅಶ್ಲೀಲ, ಹೆಂಗಸಿನ ಬಾಯಲ್ಲಿ ಬರೋ ಮಾತಾ ಇದು ಅಂದ್ರು. ಗಾಯಕಿ, ನಮ್ಮ ಬೆಂಗಳೂರು ನಾಗರತ್ನಮ್ಮ ಸುಮ್ನೆ ಬಿಟ್ಟಾರಾ? ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರಾನಾ, ಗಂಡಸರಿಗಿಲ್ವಾ ಅಂತ ಕೇಳಿ 1910ರಲ್ಲಿ ಕಾವ್ಯಾನ ಅಚ್ಚು ಹಾಕ್ಸಿದ್ರು, ಬ್ರಿಟಿಷ್ ಸರ್ಕಾರ ಬ್ಯಾನ್ ಮಾಡ್ತು, ಅದು ತೆರವಾಗೋಕೆ 1947 ಬರ್ಬೇಕಾಯ್ತು. ಈಗ ಹೇಳು, ಆ ಮದುವೆಯಾದ ವಿಧವೆ ‘ಸುಧಾರಕರು’ ಅಂದ್ರೆ ಯಾವ ದನಿ, ನಾಗರತ್ನಮ್ಮ ಅಂದ್ರೆ ಯಾವ ದನಿ?

ಅದಕ್ಕೇ ಆ ಮಾತನ್ನ ನೀನಾಡ್ಬೇಡ, ಪಾತ್ರಗಳಿಗೆ ಬಿಡು. ಅಂಕಲ್ ಮನೆಗೆ ಹೋಗ್ಲಿ, ಹೆಂಡತಿ ಕಾಫಿ ಲೋಟ ಟೇಬಲ್ ಮೇಲೆ ಕುಕ್ಕಿ ‘ಬಂದ್ರಾ ಸುಧಾರಕರು’ ಅನ್ಲಿ. ಆ ‘ರು’ ಬಿಡ್ಬೇಡ, ನಮ್ಮಲ್ಲಿ ಬಹುವಚನ ಕೊಟ್ಟು ಬೈದ್ರೇನೇ ಜಾಸ್ತಿ ಚುಚ್ಚೋದು. ಬೆಂಚಿನ ಹುಡುಗಿಗೂ ಒಂದು ಮಾತು ಕೊಡು, ಪಾಪ, ನಿನ್ನ ಕತೇಲಿ ಅವಳು ಬಾಯೇ ಬಿಟ್ಟಿಲ್ಲ.

ತಿದ್ದಿ ಕಳ್ಸು, ಪಿಡಿಎಫ್ ಬೇಡ, ಫೋನಲ್ಲಿ ಅಕ್ಷರ ಕಾಣ್ಸಲ್ಲ ನಂಗೆ.