ಚರಿತ್ರೆಯಲ್ಲಿ ಹಿಟ್ಟಿನ ಮೂಟೆಗೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಕೌಂಟಿಯ (ಜಿಲ್ಲೆಯ) ಮಿಲಿಷಿಯಾ, ಅಂದರೆ ಅಲ್ಲಿನ ಜನರನ್ನೇ ಸೇರಿಸಿ ಕಟ್ಟಿದ ಸ್ಥಳೀಯ ಪಡೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಕೆಂಪು ಕೋಟು, ಬಾವುಟ, ಕರ್ನಲ್‌ಗಳ ವಂಶಾವಳಿ ಎಲ್ಲ ಸೊಗಸಾಗಿದೆ. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಅವರ ಅಣ್ಣ ಹೆನ್ರಿ 1793ರಲ್ಲಿ ಈ ರೆಜಿಮೆಂಟಿಗೆ ಅಧಿಕಾರಿಯಾಗಿ ಸೇರಿದ್ದನ್ನೂ ಬಿಟ್ಟಿಲ್ಲ. ಆದರೆ 1795ಕ್ಕೆ ಬಂದಾಗ ಲೇಖಕರು ಸ್ವಲ್ಪ ಅಶಿಸ್ತು ಇತ್ತು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ.

ನಾನು ಸೇನೆಯಲ್ಲಿ ರೇಷನ್ ನೋಡಿಕೊಳ್ಳುತ್ತಿದ್ದವನು. ಯಾವ ಪಡೆಯ ಕತೆ ಓದಿದರೂ ಮೊದಲು ಹುಡುಕೋದು ಸಿಪಾಯಿಗಳ ಊಟ ಎಲ್ಲಿಂದ ಬರುತ್ತಿತ್ತು ಅಂತ. ಹಾಗಾಗಿ ಆ 'ಸ್ವಲ್ಪ ಅಶಿಸ್ತು' ಏನು ಅಂತ ಹೇಳಲೇಬೇಕು.

ಮೊದಲು ಈ ಸಿಪಾಯಿಗಳು ಯಾರು? 1757ರ ಕಾಯ್ದೆ ಪ್ರಕಾರ ಊರೂರಿನಲ್ಲೂ ಗಂಡಸರ ಪಟ್ಟಿ ಮಾಡಿ ಚೀಟಿ ಎತ್ತುತ್ತಿದ್ದರು. ಹೆಸರು ಬಂದವನು ಪಡೆಗೆ ಸೇರಬೇಕು. ಆಗೋದಿಲ್ಲ ಅಂದರೆ 10 ಪೌಂಡ್ ದಂಡ ಕಟ್ಟಬೇಕು, ಇಲ್ಲವೇ ದುಡ್ಡು ಕೊಟ್ಟು ಬದಲಿ ಆಳನ್ನು ಕಳಿಸಬೇಕು. ಉಳ್ಳವರು ಕಟ್ಟಿ ಪಾರಾದರು, ಕೂಲಿಯವರು ಕೋವಿ ಹಿಡಿದರು. ಜನ ಇದನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. 1761ರ ಮಾರ್ಚ್ 9ರಂದು ಉತ್ತರ ಇಂಗ್ಲೆಂಡಿನ ಹೆಕ್ಸಮ್ ಪೇಟೆಯಲ್ಲಿ ಚೀಟಿ ಎತ್ತುವುದನ್ನು ತಡೆಯಲು ಸೇರಿದ್ದ ಗುಂಪಿನ ಮೇಲೆ ನಾರ್ತ್ ಯಾರ್ಕ್‌ಷೈರ್ ಮಿಲಿಷಿಯಾದವರೇ ಗುಂಡು ಹಾರಿಸಿದರು. ಸತ್ತವರು 40ಕ್ಕೂ ಜಾಸ್ತಿ. ಆಮೇಲೆ ಆ ಪಡೆಗೆ 'ಹೆಕ್ಸಮ್ ಕಟುಕರು' ಅನ್ನೋ ಹೆಸರೇ ಅಂಟಿಕೊಂಡಿತು.

ಯುದ್ಧದ ಕಾಲದಲ್ಲಿ ಮಿಲಿಷಿಯಾವನ್ನು ಅದರ ಸ್ವಂತ ಕೌಂಟಿಯಿಂದ ದೂರ ಇಡುತ್ತಿದ್ದರು. ಗಲಾಟೆ ಅಡಗಿಸುವ ಕೆಲಸವೂ ಇವರದ್ದೇ ಆಗಿತ್ತಲ್ಲ, ನೆಂಟರಿಷ್ಟರ ಮೇಲೆ ಕೋವಿ ಎತ್ತಲು ಯಾರಿಗೆ ಮನಸ್ಸು ಬರುತ್ತೆ? ಹೀಗೆ ಆಕ್ಸ್‌ಫರ್ಡ್‌ಶೈರ್‌ನವರು 1795ರಲ್ಲಿ ಸಸೆಕ್ಸ್ ಕರಾವಳಿಯ ಸೀಫರ್ಡ್ ಪಕ್ಕದ ಬ್ಲಾಚಿಂಗ್ಟನ್ ಬ್ಯಾರಕ್‌ನಲ್ಲಿದ್ದರು. ಫ್ರಾನ್ಸ್ ಜೊತೆ ಯುದ್ಧ ನಡೆದಿತ್ತು. ಹಿಂದಿನ ವರ್ಷ ಬೆಳೆ ಕೈಕೊಟ್ಟಿತ್ತು, ಚಳಿಗಾಲವಂತೂ ವಿಪರೀತ. ಬ್ರೆಡ್ಡಿನ ಬೆಲೆ ಗಗನಕ್ಕೇರಿತ್ತು.

ಏಪ್ರಿಲ್‌ನಲ್ಲಿ ಸುಮಾರು 400 ಸಿಪಾಯಿಗಳು ಅಧಿಕಾರಿಗಳ ಮಾತು ಕೇಳದೆ ಹೊರಟರು. ಸೀಫರ್ಡ್‌ನಲ್ಲಿ ಹಿಟ್ಟು, ಮಾಂಸ ವಶಪಡಿಸಿಕೊಂಡರು. ನ್ಯೂಹೇವನ್‌ನಲ್ಲಿ ಹಡಗಿನಲ್ಲಿದ್ದ ಹಿಟ್ಟಿಗೂ ಕೈಹಾಕಿದರು. ರೇಷನ್ ಲೆಕ್ಕ ಬರೆದ ನನ್ನಂಥವನ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ಸಿಕ್ಕಿದ್ದನ್ನೆಲ್ಲ ಅವರು ಬಾಚಿಕೊಂಡು ಹೋಗಲಿಲ್ಲ. ಜನರ ಕೈಗೆಟುಕುವ ಬೆಲೆಗೆ ಅಲ್ಲೇ ಮಾರಿದರು. ಲೂಟಿಕೋರರು ಹೀಗೆ ಮಾಡ್ತಾರಾ? ಇವರನ್ನು ಅಡಗಿಸಲು ಕುದುರೆ ಫಿರಂಗಿ ಪಡೆಯೇ ಬರಬೇಕಾಯಿತು.

ಜೂನ್ 13ರಂದು ಹೋವ್ ಹತ್ತಿರದ ಗೋಲ್ಡ್‌ಸ್ಟೋನ್ ಬಾಟಮ್ ಎಂಬ ತಗ್ಗಿನಲ್ಲಿ ಎಡ್ವರ್ಡ್ ಕುಕ್ ಮತ್ತು ಹೆನ್ರಿ ಪ್ಯಾರಿಶ್ ಎಂಬ ಇಬ್ಬರು ಸಿಪಾಯಿಗಳನ್ನು ಇದೇ ದಂಗೆಗಾಗಿ ಗುಂಡಿಕ್ಕಿ ಕೊಂದರು. ಇಬ್ಬರೂ ತಮ್ಮ ತಮ್ಮ ಶವಪೆಟ್ಟಿಗೆಯ ಮೇಲೆ ಮಂಡಿಯೂರಿದ್ದರು. ಗುಂಡು ಹಾರಿಸಲು ಆರಿಸಿದ್ದು ಹೊರಗಿನವರನ್ನಲ್ಲ, ಅವರದೇ ರೆಜಿಮೆಂಟಿನವರನ್ನು. ಅದೂ ದಂಗೆಯಲ್ಲಿ ಜೊತೆಗಿದ್ದವರನ್ನೇ. ಅವರು ಹಿಂಜರಿದರೆ ಇರಲಿ ಅಂತ ಹಿಂದೆ ಫಿರಂಗಿ ಸಜ್ಜಾಗಿತ್ತು. ಶಿಸ್ತು ಕಲಿಸುವುದಕ್ಕೆ ಇಷ್ಟೊಂದು ಕ್ರೌರ್ಯ ಬೇಕಿರಲಿಲ್ಲ ಅನ್ನೋದು ಸಮವಸ್ತ್ರ ಹಾಕಿದ್ದ ನನ್ನ ಅಭಿಪ್ರಾಯ.

ಉಳಿದದ್ದು ಲೇಖನದಲ್ಲಿ ಸರಿಯಾಗಿಯೇ ಇದೆ. 1852ರಿಂದ ಚೀಟಿ ಬಿಟ್ಟು ಇಷ್ಟವಿದ್ದವರನ್ನು ಸೇರಿಸಿಕೊಂಡರು. 1881ರಲ್ಲಿ ಈ ಮಿಲಿಷಿಯಾ ಆಕ್ಸ್‌ಫರ್ಡ್‌ಶೈರ್ ಲೈಟ್ ಇನ್‌ಫೆಂಟ್ರಿ ಎಂಬ ಕಾಲಾಳು ರೆಜಿಮೆಂಟಿನ ಒಂದು ಬೆಟಾಲಿಯನ್ ಆಯಿತು. 1908ರಲ್ಲಿ ಮಿಲಿಷಿಯಾ ವ್ಯವಸ್ಥೆಯೇ ಸ್ಪೆಷಲ್ ರಿಸರ್ವ್ (ಮೀಸಲು ಪಡೆ) ಆಗಿ ಬದಲಾಯಿತು.

ಲೇಖಕರ ಮೇಲೆ ನನಗೆ ಸಿಟ್ಟಿಲ್ಲ. ರೆಜಿಮೆಂಟಿನ ಚರಿತ್ರೆ ಅಂದರೆ ಮೆಸ್‌ನ ಗೋಡೆ ಮೇಲಿನ ಫೋಟೋಗಳ ಸಾಲು ಅಂತಲೇ ಎಲ್ಲರೂ ಬರೆಯುತ್ತಾರೆ. ಎರಡನೇ ಕಂತು ಬರಲಿದೆ ಎಂದು ನೀವು ಸೂಚಿಸಿದ್ದೀರಿ. ಅದರಲ್ಲಿ ಕರ್ನಲ್‌ಗಳ ಪಟ್ಟಿಯಿಂದ ನಾಲ್ಕು ಹೆಸರು ತೆಗೆದರೂ ಅಡ್ಡಿಯಿಲ್ಲ, ಕುಕ್ ಮತ್ತು ಪ್ಯಾರಿಶ್ ಹೆಸರು ಹಾಕಿಸಿ.

ಇತಿ,
ನಿವೃತ್ತ ಹವಾಲ್ದಾರ್, ನಿಮ್ಮ ಹಳೆಯ ಓದುಗ