ಯೂರೋ ಲೆಕ್ಕ ಬರೆಯುತ್ತೀರಿ, ಬಿಡಿಭಾಗದ ಲೆಕ್ಕ ಎಲ್ಲಿ?

ಮಾನ್ಯ ಸಂಪಾದಕರೇ,

ಯುರೋಪು ಅಮೆರಿಕದ ಕೈ ಬಿಡಿಸಿಕೊಂಡು ತನ್ನ ಕಾಲ ಮೇಲೆ ನಿಲ್ಲಲು ಹೊರಟಿದೆ ಎಂಬ ಸುದ್ದಿ ಈಚೆಗೆ ನಿಮ್ಮ ಪತ್ರಿಕೆಯೂ ಸೇರಿ ಎಲ್ಲೆಡೆ ಆಗಾಗ ಬರುತ್ತಿದೆ. ಎಲ್ಲದರಲ್ಲೂ ದಪ್ಪ ಅಕ್ಷರದಲ್ಲಿರುವುದು ಮೊತ್ತ. 2025ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಘೋಷಿಸಿದ 80,000 ಕೋಟಿ ಯೂರೋ ರಕ್ಷಣಾ ಯೋಜನೆ; ಅದೇ ವರ್ಷದ ಜೂನ್‌ನಲ್ಲಿ ಹೇಗ್‌ನ ನೇಟೊ ಸಭೆಯಲ್ಲಿ ಒಪ್ಪಿಕೊಂಡ, 2035ರೊಳಗೆ ಜಿಡಿಪಿಯ ಶೇ 5ರಷ್ಟು ಖರ್ಚು. ಆ 80,000 ಕೋಟಿಯಲ್ಲಿ 65,000 ಕೋಟಿ ಬ್ರಸೆಲ್ಸ್‌ನ, ಅಂದರೆ ಒಕ್ಕೂಟದ, ಹಣವೇ ಅಲ್ಲ. ಸದಸ್ಯ ದೇಶಗಳು ತಮ್ಮ ತಲೆ ಮೇಲೆ ಸಾಲ ಮಾಡಿಕೊಳ್ಳಲು ಕೊಟ್ಟ ಸಡಿಲಿಕೆ ಅಷ್ಟೆ. ಅದಿರಲಿ. ಆ ಹಣಕ್ಕೆ ಸಿಗುವ ಸಾಮಾನು ಯಾವುದು, ಅದರ ಯಾವ ಭಾಗ ಯಾವ ಊರಿಂದ ಬರಬೇಕು ಎಂಬುದನ್ನು ವರದಿಗಳು ಹೇಳುವುದಿಲ್ಲ. ಯುರೋಪಿನ ಸ್ವಾವಲಂಬನೆ ಎಡವುತ್ತಿರುವುದೇ ಅಲ್ಲಿ.

155 ಮಿ.ಮೀ. ಫಿರಂಗಿ ಗುಂಡನ್ನೇ ನೋಡೋಣ. 2023ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ಒಂದು ವರ್ಷದೊಳಗೆ ಉಕ್ರೇನ್‌ಗೆ 10 ಲಕ್ಷ ಗುಂಡು ಕೊಡುವುದಾಗಿ ಮಾತು ಕೊಟ್ಟಿತು. ಗಡುವಿನ ಹೊತ್ತಿಗೆ ಹೋದದ್ದು ಸುಮಾರು ಅರ್ಧ. ದುಡ್ಡಿಗೆ ಬರ ಇರಲಿಲ್ಲ. 45 ಕೆ.ಜಿ. ಆಸುಪಾಸು ತೂಗುವ ಈ ಗುಂಡಿನ ಉಕ್ಕಿನ ಚಿಪ್ಪನ್ನು ಕಾಯಿಸಿ, ಒತ್ತಿ, ಕಡೆದು ತಯಾರಿಸುವ ಕಾರ್ಖಾನೆಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ಆದರೆ ಚಿಪ್ಪಿನೊಳಗೆ ಟಿಎನ್‌ಟಿ ಎಂಬ ಸ್ಫೋಟಕವನ್ನು ಸುಮಾರು 80 ಡಿಗ್ರಿಯಲ್ಲಿ ಕರಗಿಸಿ ಹೊಯ್ಯಬೇಕು. ಅವಸರ ಮಾಡಿ ತಣಿಸಿದರೆ ಒಳಗೆ ಪೊಳ್ಳು ಉಳಿಯುತ್ತದೆ. ಪೊಳ್ಳಿರುವ ಗುಂಡು ನಳಿಗೆಯೊಳಗೇ ಸಿಡಿದು ಫಿರಂಗಿಯ ಸಿಬ್ಬಂದಿಯನ್ನೇ ಬಲಿ ತೆಗೆದುಕೊಳ್ಳಬಹುದು, ಹಾಗಾಗಿ ಎಕ್ಸ್‌ರೇ ತಪಾಸಣೆ ತಪ್ಪಿಸುವಂತಿಲ್ಲ. ಯುದ್ಧ ಶುರುವಾದಾಗ ಒಕ್ಕೂಟದೊಳಗೆ ಟಿಎನ್‌ಟಿಯನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದುದು ಪೋಲೆಂಡ್‌ನ ಬಿಡ್ಗೋಷ್ಚ್‌ನಲ್ಲಿರುವ ನೈಟ್ರೋ-ಕೆಮ್ ಕಂಪನಿ ಒಂದೇ.

ಗುಂಡನ್ನು ಹೊರಕ್ಕೆ ತಳ್ಳುವ ಮದ್ದಿನ ಕಥೆ ಇನ್ನೂ ಇಕ್ಕಟ್ಟಿನದು. ಅದರ ಮೂಲ ನೈಟ್ರೋಸೆಲ್ಯುಲೋಸ್ ಎಂಬ ರಾಸಾಯನಿಕ. ಅದರ ಮೂಲ ಹತ್ತಿಯ ಲಿಂಟರ್. ಜಿನ್ನಿಂಗ್ ಆದ ಮೇಲೂ ಹತ್ತಿಬೀಜಕ್ಕೆ ಅಂಟಿಕೊಂಡಿರುವ ತುಂಡು ನಾರು ಅದು, ರಾಯಚೂರು, ಹಾವೇರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಯುರೋಪಿಗೆ ಬರುವ ಲಿಂಟರ್‌ನಲ್ಲಿ ಶೇ 70ಕ್ಕೂ ಹೆಚ್ಚು ಚೀನಾದ್ದು ಎಂದು ಜರ್ಮನಿಯ ಶಸ್ತ್ರ ತಯಾರಕ ರೈನ್‌ಮೆಟಾಲ್ ಕಂಪನಿಯ ಮುಖ್ಯಸ್ಥರೇ 2024ರಲ್ಲಿ ಹೇಳಿದ್ದರು. ಮರದ ತಿರುಳಿನಿಂದಲೂ ಮಾಡಬಹುದು. ಆದರೆ ನಾರು ಬದಲಾದರೆ ಮದ್ದು ಉರಿಯುವ ವೇಗ ಬದಲಾಗುತ್ತದೆ, ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಚಳಿಯಲ್ಲಿ, ಸೆಕೆಯಲ್ಲಿ ಮತ್ತೆ ಹಾರಿಸಿ ನೋಡಿ, ಗುರಿಯ ಕೋಷ್ಟಕ ಸರಿಪಡಿಸಿ, ಹೊಸದಾಗಿ ಒಪ್ಪಿಗೆ ಪಡೆಯಬೇಕು. 2025ರ ಆಗಸ್ಟ್‌ನಲ್ಲಿ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿ ಉದ್ಘಾಟನೆಯಾದ ಅದರ ಕಾರ್ಖಾನೆ ವರ್ಷಕ್ಕೆ 3.5 ಲಕ್ಷ ಗುಂಡಿನ ಗುರಿ ಇಟ್ಟುಕೊಂಡಿದೆ. ಆ ಸುದ್ದಿ ಬರೆಯುವಾಗ ಲಿಂಟರ್ ಎಲ್ಲಿಂದ ಬರುತ್ತದೆ ಎಂದು ಒಂದು ಸಾಲು ಸೇರಿಸಿದ್ದರೆ ಓದುಗನಿಗೆ ಪೂರ್ತಿ ಚಿತ್ರ ಸಿಗುತ್ತಿತ್ತು.

ಇನ್ನು ‘ಯುರೋಪಿನ ನಿಲುವು’ ಎಂದು ಬರೆಯುತ್ತೇವಲ್ಲ, ಅಂಥದ್ದೊಂದು ಇದೆಯೇ? ಆ 80,000 ಕೋಟಿಯಲ್ಲಿ ಉಳಿದ 15,000 ಕೋಟಿ ಯೂರೋ ಒಕ್ಕೂಟದ ಸಾಲನಿಧಿ; ಅದರ ನಿಯಮದಂತೆ, ಕೊಳ್ಳುವ ಸಾಮಾನಿನ ಬಿಡಿಭಾಗಗಳ ವೆಚ್ಚದಲ್ಲಿ ಹೊರಗಿನವರ ಪಾಲು ಶೇ 35 ಮೀರುವಂತಿಲ್ಲ. ಫ್ರಾನ್ಸ್‌ಗೆ ಇದು ಹಳೆಯ ಆಸೆ. ಪೋಲೆಂಡ್‌ನ ಲೆಕ್ಕ ಬೇರೆ, ಅದಕ್ಕೆ ರಷ್ಯಾ ಗಡಿಯಾಚೆಯೇ ಇದೆ. 2022ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾ ಜೊತೆ ಟ್ಯಾಂಕ್ ಒಪ್ಪಂದಕ್ಕೆ ಸಹಿ ಹಾಕಿತು, ಡಿಸೆಂಬರ್‌ನಲ್ಲಿ ಮೊದಲ ಕೆ2 ಟ್ಯಾಂಕ್‌ಗಳು ಗ್ಡೀನಿಯಾ ಬಂದರಿಗೆ ಬಂದಿಳಿದವು. ನಾಲ್ಕು ತಿಂಗಳಲ್ಲಿ ಟ್ಯಾಂಕ್ ಇಳಿಸಿಕೊಡುವ ಯುರೋಪಿನ ಕಂಪನಿಯನ್ನು ಯಾರಾದರೂ ತೋರಿಸಿದರೆ ವಾರ್ಸಾದವರು ಸಂತೋಷದಿಂದಲೇ ಕೊಂಡಾರು.

ಯುರೋಪಿನ ದೇಶಗಳು ಕೊಂಡ ಎಫ್-35 ಯುದ್ಧವಿಮಾನವನ್ನು ಅಮೆರಿಕ ದೂರದಿಂದಲೇ ನಿಲ್ಲಿಸಬಲ್ಲದೆಂಬ ‘ರಹಸ್ಯ ಸ್ವಿಚ್’ ಸುದ್ದಿಯನ್ನು ಇಷ್ಟಕ್ಕೇ ಬಿಡಬಹುದು. ಅಂಥ ಸ್ವಿಚ್ ಇದೆಯೆಂದು ಯಾರೂ ತೋರಿಸಿಲ್ಲ, ಅದರ ಅಗತ್ಯವೂ ಇಲ್ಲ. ಶತ್ರುವಿನ ರೇಡಾರ್ ಗುರುತಿಸುವ ದತ್ತಾಂಶ ಕಡತಗಳು ಫ್ಲಾರಿಡಾದ ಎಗ್ಲಿನ್ ನೆಲೆಯಲ್ಲಿ ತಯಾರಾಗುತ್ತವೆ, ಬಿಡಿಭಾಗಗಳ ದಾಸ್ತಾನು ಅಮೆರಿಕದ ಹಿಡಿತದಲ್ಲಿದೆ. ಎರಡೂ ನಿಂತರೆ ವಿಮಾನ ಹಾರುತ್ತದೆ, ಕೆಲವು ದಿನ.

ಹೆಚ್ಚು ಗಮನಿಸಬೇಕಾದದ್ದು ನೆಕ್ಸ್‌ಪೀರಿಯಾ ಪ್ರಕರಣ. ನೆದರ್‌ಲೆಂಡ್ಸ್‌ನ ನೈಮೆಗೆನ್‌ನ ಈ ಕಂಪನಿಯ ಬೇರು ಫಿಲಿಪ್ಸ್‌ನಲ್ಲಿದೆ. ಡಯೋಡು, ಟ್ರಾನ್ಸಿಸ್ಟರ್‌ನಂಥ ಕೆಲವೇ ಸೆಂಟ್ ಬೆಲೆಯ ಸಾಮಾನನ್ನು ವರ್ಷಕ್ಕೆ 10,000 ಕೋಟಿಗೂ ಹೆಚ್ಚು ತಯಾರಿಸುತ್ತದೆ. ಆಗಿನ ಒಡೆಯ ಎನ್‌ಎಕ್ಸ್‌ಪಿ ಕಂಪನಿ ಈ ವಿಭಾಗವನ್ನು 2017ರಲ್ಲಿ 275 ಕೋಟಿ ಡಾಲರ್‌ಗೆ ಚೀನಾದ ಹೂಡಿಕೆದಾರರಿಗೆ ಮಾರಿತು, ಮುಂದೆ ಅದು ಚೀನಾದ್ದೇ ಆದ ವಿಂಗ್‌ಟೆಕ್ ಕಂಪನಿಯ ಪಾಲಾಯಿತು. 2025ರ ಸೆಪ್ಟೆಂಬರ್ 30ರಂದು ಡಚ್ ಸರ್ಕಾರ 1952ರ ಹಳೆಯ ಕಾನೂನೊಂದನ್ನು ಹೊರತೆಗೆದು ಕಂಪನಿಯ ಮೇಲೆ ಹಿಡಿತ ಸಾಧಿಸಿತು. ಮುಖ್ಯಸ್ಥನನ್ನು ಬದಲಿಸಬೇಕೆಂದು ಅಮೆರಿಕದ ಅಧಿಕಾರಿಗಳು ಜೂನ್‌ನಲ್ಲೇ ಹೇಳಿದ್ದರೆಂಬುದು ಆಮೇಲೆ ನ್ಯಾಯಾಲಯದ ಕಾಗದಪತ್ರಗಳಲ್ಲಿ ಹೊರಬಂತು.

ಅಕ್ಟೋಬರ್ 4ರಂದು ಚೀನಾ ಉತ್ತರ ಕೊಟ್ಟಿತು: ನೆಕ್ಸ್‌ಪೀರಿಯಾದ ಡಾಂಗ್‌ಗುವಾನ್ ಘಟಕದಿಂದ ರಫ್ತು ಬಂದ್. ಸಿಲಿಕಾನ್ ತಟ್ಟೆಗಳು ತಯಾರಾಗುವುದು ಹ್ಯಾಂಬರ್ಗ್ ಮತ್ತು ಮ್ಯಾಂಚೆಸ್ಟರ್‌ನಲ್ಲಿ, ಅಂದರೆ ಕಷ್ಟದ ಕೆಲಸವೆಲ್ಲ ಯುರೋಪಿನಲ್ಲೇ. ಆದರೆ ತಟ್ಟೆಯನ್ನು ಸಾಸಿವೆಯಷ್ಟು ಚೂರುಗಳಾಗಿ ಕೊಯ್ದು, ತಾಮ್ರದ ಚೌಕಟ್ಟಿಗೆ ಕೂರಿಸಿ, ಕೂದಲಿಗಿಂತ ತೆಳುವಾದ ತಂತಿ ಬೆಸೆದು, ಕಪ್ಪು ರಾಳದಲ್ಲಿ ಮುಚ್ಚಿ, ಪರೀಕ್ಷಿಸಿ ಟೇಪಿನ ಸುರುಳಿಗೆ ತುಂಬುವ ಕಡೇ ಕೆಲಸದಲ್ಲಿ ಸುಮಾರು ಶೇ 70 ಚೀನಾದಲ್ಲಿ. ಕೆಲವೇ ವಾರಗಳಲ್ಲಿ ಜರ್ಮನಿಯ ಕಾರು ಉದ್ಯಮ ಗಾಬರಿಬಿತ್ತು. ಮೆಕ್ಸಿಕೊದಲ್ಲಿ ಹೋಂಡಾ ಕಾರ್ಖಾನೆಯ ಸಾಲು ನಿಂತಿತು. ಬೇರೆ ಕಂಪನಿಯ ಡಯೋಡು ಹಾಕಬಾರದಿತ್ತೇ? ಕಾರಿಗೆ ಹಾಕುವ ಸಾಮಾನು ಎಇಸಿ-ಕ್ಯೂ101 ಎಂಬ ಪರೀಕ್ಷೆ ದಾಟಬೇಕು. ಮೂರು ಬೇರೆ ಬೇರೆ ಲಾಟ್‌ನಿಂದ ತಲಾ 77 ತುಂಡು ತೆಗೆದು, 1,000 ಗಂಟೆ ಶಾಖದಲ್ಲಿ ವೋಲ್ಟೇಜ್ ಹೇರಿಡಬೇಕು. 1,000 ಗಂಟೆ ಎಂದರೇ 42 ದಿನ. ತಟ್ಟೆ ಅದೇ ಇದ್ದು ಪ್ಯಾಕಿಂಗ್ ಜಾಗ ಮಾತ್ರ ಬದಲಾದರೂ ಪರೀಕ್ಷೆ ಮತ್ತೆ ಮಾಡಬೇಕು, ಕಾರು ಕಂಪನಿಯ ಒಪ್ಪಿಗೆ ಬೇರೆ ಬೇಕು. ಡಚ್ ಸರ್ಕಾರ ನವೆಂಬರ್ 19ರಂದು ತನ್ನ ಆದೇಶವನ್ನು ತಡೆಹಿಡಿಯಿತು. ಒಕ್ಕೂಟದ 2023ರ ಚಿಪ್ ಕಾಯ್ದೆಯ 4,300 ಕೋಟಿ ಯೂರೋ ಇಂಥ ಅಗ್ಗದ ಸಾಮಾನಿನತ್ತ ಅಲ್ಲ, ಬೇರೆಲ್ಲೋ ನೋಡುತ್ತಿತ್ತು. ಜರ್ಮನಿಯ ಮ್ಯಾಗ್ಡೆಬರ್ಗ್‌ನಲ್ಲಿ ಇಂಟೆಲ್ ಕಟ್ಟಬೇಕಿದ್ದ ದೊಡ್ಡ ಕಾರ್ಖಾನೆಯೂ 2025ರಲ್ಲಿ ರದ್ದಾಯಿತು.

ವ್ಯಾಪಾರದಲ್ಲೂ ಇದೇ ಇಕ್ಕಟ್ಟು. ಬೆದರಿಸುವ ದೇಶಕ್ಕೆ ಸೇರಿಗೆ ಸವ್ವಾಸೇರು ಕೊಡುವ ಕಾನೂನು ಒಕ್ಕೂಟಕ್ಕೆ 2023ರ ಡಿಸೆಂಬರ್‌ನಿಂದಲೇ ಇದೆ. ಅದನ್ನು ಎತ್ತಬೇಕಾದರೆ ಒಕ್ಕೂಟದ ಆಡಳಿತ ನೋಡುವ ಐರೋಪ್ಯ ಆಯೋಗದ ತನಿಖೆಗೇ ನಾಲ್ಕು ತಿಂಗಳವರೆಗೆ ಹಿಡಿಯಬಹುದು. ಆಮೇಲೆ 27 ಸದಸ್ಯ ದೇಶಗಳಲ್ಲಿ ಕನಿಷ್ಠ 15ರ, ಶೇ 65 ಜನಸಂಖ್ಯೆಯ ಬೆಂಬಲ ಬೇಕು. 2025ರ ಜುಲೈ 27ರಂದು ಸ್ಕಾಟ್‌ಲೆಂಡ್‌ನ ಟರ್ನ್‌ಬರಿಯಲ್ಲಿ ಅಮೆರಿಕದ ಶೇ 15 ಸುಂಕಕ್ಕೆ ಯುರೋಪು ತಲೆಯಾಡಿಸಿದಾಗ ಆ ಕಾನೂನು ಕಪಾಟಿನಲ್ಲೇ ಇತ್ತು. ಉಕ್ರೇನ್‌ಗೆ ಅಮೆರಿಕದ ಶಸ್ತ್ರ ಬೇಕಿದ್ದಾಗ ಸುಂಕದ ಜಗಳವನ್ನು ಎಳೆಯುವುದು ಹೇಗೆ?

ತಂತ್ರಾಂಶದಲ್ಲಿ ಮಾತ್ರ ಒಂದಿಷ್ಟು ಗಟ್ಟಿ ಕೆಲಸ ಕಾಣುತ್ತಿದೆ. 2025ರ ಜೂನ್‌ನಲ್ಲಿ ಫ್ರೆಂಚ್ ಸೆನೆಟ್ ಮುಂದೆ ಮೈಕ್ರೋಸಾಫ್ಟ್ ಫ್ರಾನ್ಸ್‌ನ ಅಧಿಕಾರಿಯೊಬ್ಬರು, ಫ್ರೆಂಚ್ ನಾಗರಿಕರ ಮಾಹಿತಿ ಅಮೆರಿಕ ಸರ್ಕಾರದ ಕೈಸೇರದು ಎಂದು ಖಾತರಿ ಕೊಡಲಾರೆ ಎಂದು ಪ್ರಮಾಣ ಮಾಡಿಯೇ ಹೇಳಿದರು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಅದೇ ವರ್ಷ ಆರು ತಿಂಗಳಲ್ಲಿ 40,000ಕ್ಕೂ ಹೆಚ್ಚು ಇಮೇಲ್ ಪೆಟ್ಟಿಗೆಗಳನ್ನು ಮುಕ್ತ ತಂತ್ರಾಂಶಕ್ಕೆ ಸಾಗಿಸಿತು. ಆದರೆ ಮ್ಯೂನಿಕ್ ನಗರಾಡಳಿತ 2003ರಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶಕ್ಕೆ ಹೊರಟು, ಸುಮಾರು 15,000 ಕಂಪ್ಯೂಟರ್ ಬದಲಿಸಿ, 2017ರಲ್ಲಿ ವಿಂಡೋಸ್‌ಗೇ ಮರಳಲು ತೀರ್ಮಾನಿಸಿದ್ದು ನೆನಪಿರಲಿ. ಅಲ್ಲಿ ಕಾಡಿದ್ದು ನಮೂನೆಗಳು, ಕಡತದೊಳಗೆ ತಾನಾಗಿ ಕೆಲಸ ಮಾಡುವ ಮ್ಯಾಕ್ರೊಗಳು, ಹೊರಗಿನ ಕಚೇರಿಗಳಿಂದ ಬರುವ ಕಡತಗಳು. ಗುಮಾಸ್ತನ ಮೇಜಿನ ಮೇಲಿನ ಸಣ್ಣಪುಟ್ಟ ಕಿರಿಕಿರಿಯೇ.

ಯುರೋಪನ್ನು ಬರೀ ಸಂತ್ರಸ್ತನಂತೆ ಚಿತ್ರಿಸುವುದೂ ಸರಿಯಲ್ಲ. 2025ರ ಜುಲೈ 18ರಂದು ಒಕ್ಕೂಟ ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣ ಘಟಕವಿರುವ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹೇರಿತು, ಅದರಲ್ಲಿ ರಷ್ಯಾದ ತೈಲ ಕಂಪನಿ ರಾಸ್‌ನೆಫ್ಟ್‌ನ ಪಾಲು ಶೇ 49.13 ಎಂಬ ಕಾರಣಕ್ಕೆ. ನಾಲ್ಕು ದಿನದ ಬಳಿಕ ಮೈಕ್ರೋಸಾಫ್ಟ್, ನಯಾರಾದ ಇಮೇಲ್ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ, ತಿಂಗಳ ಕೊನೆಗೆ ಸೇವೆ ಮರಳಿತು. ಆದೇಶ ಬ್ರಸೆಲ್ಸ್‌ನದು, ಸ್ವಿಚ್ ಅಮೆರಿಕದ್ದು, ಕತ್ತಲಾದದ್ದು ವಾಡಿನಾರ್‌ನಲ್ಲಿ.

ಬೆಂಗಳೂರಿನ ಪತ್ರಿಕೆಗೆ ಇದನ್ನೆಲ್ಲ ಬರೆಯಲು ಕಾರಣವಿದೆ. ಎಚ್‌ಎಎಲ್‌ನ ತೇಜಸ್ ಎಂಕೆ1ಎ ಯುದ್ಧವಿಮಾನ ತಡವಾದುದಕ್ಕೆ ದೊಡ್ಡ ಕಾರಣ ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನ್. ನಮ್ಮ ಹಿಂದಿನ 65 ಎಂಜಿನ್‌ಗಳ ಆರ್ಡರ್ 2016ರಲ್ಲಿ ಮುಗಿದ ಮೇಲೆ ಆ ತಯಾರಿಕಾ ಸಾಲೇ ಮುಚ್ಚಿತ್ತು. 2021ರಲ್ಲಿ 99 ಎಂಜಿನ್‌ಗೆ ಆರ್ಡರ್ ಹೋದಾಗ ಬಿಡಿಭಾಗ ಕೊಡುವವರನ್ನು ಮತ್ತೆ ಒಬ್ಬೊಬ್ಬರಾಗಿ ಕಲೆಹಾಕಬೇಕಾಯಿತು; ಮೊದಲ ಎಂಜಿನ್ ಹೊರಟದ್ದು 2025ರ ಮಾರ್ಚ್‌ನಲ್ಲಿ. ಈಗ ನಮ್ಮ ಮುಂದಿನ ಯುದ್ಧವಿಮಾನ ಎಎಂಸಿಎ ಎಂಜಿನ್‌ಗೆ ಫ್ರಾನ್ಸ್‌ನ ಸಫ್ರಾನ್ ಜೊತೆಗಾರ ಎನ್ನುತ್ತಿದ್ದಾರೆ. ಆ ಒಪ್ಪಂದದ ಸುದ್ದಿ ಬರೆಯುವಾಗ ಮೊತ್ತದ ಜೊತೆ ಇನ್ನೆರಡು ಸಾಲು ಇರಲಿ: ಟರ್ಬೈನ್ ಬ್ಲೇಡಿನ ಎರಕ ಯಾವ ಊರಲ್ಲಿ ನಡೆಯುತ್ತದೆ, ಆರ್ಡರ್ ಮುಗಿದ ಮೇಲೆ ಆ ಅಚ್ಚುಗಳು ಯಾರ ಗೋದಾಮಿನಲ್ಲಿ ಉಳಿಯುತ್ತವೆ.

ಇಂತಿ,
ಒಬ್ಬ ಓದುಗ, ಪೀಣ್ಯ, ಬೆಂಗಳೂರು